ಟ್ರೇಯೊಳಗೊಂದು ಜೌಗು: ಮೂರನೇ ವಾರ

ಟ್ರೇಯಲ್ಲಿ ಜೌಗಿನ ಮಾದರಿ ಮಾಡಲು ಹಾಕಿದ್ದ ಎರೆ ಮಣ್ಣು ಕೈಕೊಟ್ಟಿತು. ಭಾನುವಾರ ಚೆಂದಾಗಿ ಮೆತ್ತಿ ಇಟ್ಟಿದ್ದೆ. ಬುಧವಾರ ನೋಡಿದರೆ ಬೇಸಿಗೆ ಹೊಲದ ಹಾಗೆ ಬಿರುಕು! ಗದಗಿನವನಾಗಿ ಇದು ಮೊದಲೇ ಹೊಳೆಯಬೇಕಿತ್ತು. ಎಲ್ಲಾ ಕಿತ್ತು, ಅರ್ಧದಷ್ಟು ಮಸಾರಿ ಮಣ್ಣು ಬೆರೆಸಿ ಮತ್ತೆ ಮೆತ್ತಿದೆ. ಈಗ ಗಟ್ಟಿ ನಿಂತಿದೆ.

ನಾನು ಮಾಡುತ್ತಿರುವುದು ಇಂಗ್ಲೆಂಡಿನ ಕ್ಲಿಫ್ ಎಂಬ ಊರಿನ ಜೌಗಿನ ಮಾದರಿ. ಥೇಮ್ಸ್ ನದಿ ಸಮುದ್ರ ಸೇರುವ ಕಡೆ, ಕೆಂಟ್‌ನಲ್ಲಿದೆ. 2002ರಲ್ಲಿ ಅಲ್ಲಿನ ಸರ್ಕಾರ ಅಲ್ಲೊಂದು ದೊಡ್ಡ ವಿಮಾನ ನಿಲ್ದಾಣದ ಪ್ರಸ್ತಾವ ಮುಂದಿಟ್ಟಿತು. ಊರಿನವರೂ ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆಯೂ ಗಟ್ಟಿಯಾಗಿ ವಿರೋಧಿಸಿದರು. 2003ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಖರ್ಚು ಜಾಸ್ತಿ ಎನ್ನುವುದೂ ಕಾರಣ, ವಿಮಾನಕ್ಕೆ ಹಕ್ಕಿ ಬಡಿಯುವ ಅಪಾಯವೂ ಕಾರಣ.

ಇದನ್ನೆಲ್ಲ ಹೇಳಿದಾಗ ಅಣ್ಣನ ಮಗಳು ಕೇಳಿದ್ದಳು, "ಕಾಕಾ, ಹಕ್ಕಿಗೆ ರೆಕ್ಕಿ ಅದಾವಲ್ಲ, ಬ್ಯಾರೆ ಕಡೆ ಹಾರಿ ಹೋಗ್ತಾವ ಬಿಡು." ಬಾಯಲ್ಲಿ ಹೇಳಿ ತಿಳಿಸಲು ಆಗಲಿಲ್ಲ. ಅದಕ್ಕೇ ಈ ಟ್ರೇ.

ಈ ವಾರದ ದೊಡ್ಡ ಖುಷಿ ಎಂದರೆ ಭರತ ಇಳಿತ ಕೆಲಸ ಮಾಡಿತು. ಟ್ರೇಗೆ ಸಲೈನ್ ಪೈಪಿನಿಂದ ಒಂದು ಡಬ್ಬಿ ಜೋಡಿಸಿದ್ದೇನೆ. ಡಬ್ಬಿ ಎತ್ತಿದರೆ ನೀರು ಏರಿ ಕೆಸರು ಮುಳುಗುತ್ತದೆ. ಇಳಿಸಿದರೆ ಕೆಸರು ಮೇಲೆ ಬರುತ್ತದೆ. ಆ ಕೆಸರೇ ಹಕ್ಕಿಗಳ ತಾಟು. ಹುಳ, ಚಿಪ್ಪಿನ ಜೀವಿ ಎಲ್ಲ ಅದರಲ್ಲೇ ಇರುತ್ತವೆ. ಅವೊಸೆಟ್ ಎಂಬ ಕಪ್ಪು ಬಿಳುಪಿನ ಹಕ್ಕಿ ಮೇಲಕ್ಕೆ ಬಾಗಿದ ಕೊಕ್ಕನ್ನು ತೆಳು ನೀರಿನಲ್ಲಿ ಆಚೆ ಈಚೆ ಬೀಸಿ ತಿನ್ನುತ್ತದೆ. ನೀರು ಏರಿದಾಗ ಅವಕ್ಕೆ ಕೂರಲು ಹತ್ತಿರವೇ ಒಣ ಜಾಗವೂ ಬೇಕು. ಎರಡೂ ಒಂದೇ ಕಡೆ ಸಿಗುವ ಜಾಗ ಎಷ್ಟಿದ್ದಾವು?

ಮಣ್ಣಿನ ಹಕ್ಕಿ ನಲವತ್ತು ಮಾಡಿದ್ದೇವೆ. ನಿನ್ನೆ ರನ್‌ವೇಗೆ ಕತ್ತರಿಸಿದ ರಟ್ಟನ್ನು ಟ್ರೇ ಮೇಲಿಟ್ಟು, "ಎಲ್ಲಾ ಹಕ್ಕಿ ಕೂಡಿಸು" ಎಂದು ಅಣ್ಣನ ಮಗಳಿಗೆ ಹೇಳಿದೆ. ಹನ್ನೊಂದು ಹಿಡಿದವು. ಉಳಿದವನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ನೆ ಕೂತಳು.

ಹಕ್ಕಿಗಳು ಸೇರುವ ಕ್ಲಿಫ್‌ನ ಕೊಳಗಳು ಹಿಂದೆ ಸಿಮೆಂಟಿಗಾಗಿ ಜನ ಮಣ್ಣು ತೆಗೆದ ಗುಂಡಿಗಳು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ನೀರಾವರಿಗೆ ಜನ ಕಟ್ಟಿದ್ದೇ ಅಲ್ವಾ? 2024ರಲ್ಲಿ ಅದು ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಹಾಗಾಗಿ ಮುಂದಿನ ಟ್ರೇ ಅದರದ್ದೇ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳನ್ನು ತಾನೇ ಮಾಡುತ್ತೇನೆ ಎಂದು ಅವಳು ಆಗಲೇ ಮಣ್ಣು ನೆನೆಹಾಕಿದ್ದಾಳೆ.