ಸತ್ತಿಲ್ಲ ಯಜಮಾನ್ರೇ, ಗಟ್ಟಿಬೀಜ

ಮೇ ತಿಂಗಳಲ್ಲಿ ಚಿತ್ರದುರ್ಗದಲ್ಲಿ ತಣ್ಣಗಿರಬೇಕೆಂದರೆ ಬ್ಯಾಂಕಿಗೆ ಹೋಗಬೇಕು, ಇಲ್ಲವೇ ನಮ್ಮ ಬೀಜ ಪರೀಕ್ಷೆ ಲ್ಯಾಬಿನ ಮೊಳಕೆ ಕೋಣೆಗೆ ಬರಬೇಕು. ಹೊರಗೆ ಬಿಸಿಲು ಎಷ್ಟೇ ಕಾಯಲಿ, ಒಳಗೆ 25ರಿಂದ 30 ಡಿಗ್ರಿ. ಆ ತಂಪು ಬೀಜಕ್ಕೆಂದು ಮಾಡಿದ್ದು, ನಮಗಲ್ಲ. ಆದರೂ ಏನಾದರೂ ನೆಪ ತೆಗೆದು ಎರಡು ನಿಮಿಷ ಹೆಚ್ಚೇ ನಿಲ್ಲುತ್ತೇವೆ.

ಅವತ್ತು ಮೊಳಕೆ ಎಣಿಕೆ. ಚಳ್ಳಕೆರೆ ಕಡೆಯ ನರ್ಸರಿಯ ಯಜಮಾನರೊಬ್ಬರು ಕೊಟ್ಟಿದ್ದ ಕರಿಜಾಲಿ ಬೀಜ. ತೊಳೆದು, ಜರಡಿ ಹಿಡಿದು, ಓವನ್‌ನಲ್ಲಿ ಕಾಯಿಸಿದ ಮರಳಿನಲ್ಲಿ ನೂರರಂತೆ ನಾಲ್ಕು ಟ್ರೇ, ಒಟ್ಟು 400 ಬೀಜ. ಒಂದೇ ಟ್ರೇ ನಂಬಿದರೆ ಮೂಲೆಯಲ್ಲಿ ನೀರು ನಿಂತದ್ದೂ ಬೀಜದ ದೋಷವಾಗಿ ಕಾಣುತ್ತದೆ. ನಾಲ್ಕೂ ತೀರಾ ಬೇರೆ ಬೇರೆ ಲೆಕ್ಕ ಕೊಟ್ಟರೆ ಇಡೀ ಪರೀಕ್ಷೆ ಮತ್ತೆ ಮಾಡಬೇಕು.

ಯಜಮಾನರು ಟ್ರೇ ನೋಡಿ ಮುಖ ಸಣ್ಣದು ಮಾಡಿದರು. "ಏನಮ್ಮ, ಕಾಲು ಭಾಗಾನೂ ಬಂದಿಲ್ವಲ್ಲ. ಎಲ್ಲ ಸತ್ತೋಗಿದಾವೆ ಬಿಡು."

ಒಂದು ಬೀಜ ತೆಗೆದು ಚಿಮುಟದಲ್ಲಿ ಒತ್ತಿದೆ. ಸತ್ತ ಬೀಜವಾದರೆ ಬೂಸಲು ಹಿಡಿದಿರುತ್ತದೆ, ಒತ್ತಿದರೆ ಪಿಚ್ಚನೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಇದು ಚಿಮುಟದಿಂದ ಜಾರಿ ಟಣ್ಣನೆ ಮೇಜಿಗೆ ಬಿತ್ತು. ಅಷ್ಟು ದಿನ ಒದ್ದೆ ಮರಳಿನಲ್ಲಿದ್ದರೂ ಒಳಕ್ಕೆ ಹನಿ ನೀರು ಬಿಟ್ಟುಕೊಂಡಿರಲಿಲ್ಲ.

"ಸತ್ತಿಲ್ಲ ಯಜಮಾನ್ರೇ, ಗಟ್ಟಿಬೀಜ."

ಅವರು ನಂಬಲಿಲ್ಲ. ಉಗುರು ಕತ್ತರಿ ತಂದು, ಬೇರು ಹೊರಡುವ ತುದಿ ಬಿಟ್ಟು ಅದರ ಎದುರು ತುದಿಯಲ್ಲಿ ಸಿಪ್ಪೆ ಮಾತ್ರ ಚೂರು ಕತ್ತರಿಸಿ, ಒಂದಷ್ಟು ಬೀಜವನ್ನು ನೀರಿಗೆ ಹಾಕಿದೆ. ಯಜಮಾನರು ರಾತ್ರಿ ಮಗಳ ಮನೆಯಲ್ಲಿ ಉಳಿದು ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು. ಬೀಜ ದಪ್ಪಗೆ ಊದಿ, ಸಿಪ್ಪೆ ಸಡಿಲವಾಗಿತ್ತು. ಕತ್ತರಿಸದೆ ಪಕ್ಕದಲ್ಲೇ ನೆನೆಹಾಕಿದ್ದವು ಮಾತ್ರ ಹಾಗೇ ಇದ್ದವು.

"ನಮ್ ಆಡು ಮಾಡೋದೂ ಇದೇ ಕೆಲ್ಸ ಅಲ್ವೇನಮ್ಮ?" ಎಂದರು. ಸರಿಯಾಗೇ ಹೇಳಿದ್ದರು. ಆಡು ಜಾಲಿಕಾಯಿ ತಿಂದು ರೊಪ್ಪದಲ್ಲಿ ಬಿಟ್ಟ ಬೀಜ ಚೆನ್ನಾಗಿ ಹುಟ್ಟುತ್ತದೆಂದು ನರ್ಸರಿಯವರು ಅದನ್ನೇ ಆರಿಸಿ ತರುವುದುಂಟು. ಲ್ಯಾಬಿನಲ್ಲಿ ಇಂಥ ಬೀಜದ ಸಿಪ್ಪೆ ಸಡಿಲಿಸಲು ಗಂಧಕಾಮ್ಲ ಬಳಸುತ್ತಾರೆ. ನರ್ಸರಿಯವರಿಗೆ ಆ ಬಾಟಲಿಯ ದಾರಿ ತೋರಿಸಲು ನನಗೆ ಮನಸ್ಸಿಲ್ಲ. ಕುದಿಸಿದ ನೀರನ್ನು ಒಲೆಯಿಂದ ಇಳಿಸಿ, ಬೀಜ ಸುರಿದು, ಬೆಳಗಿನವರೆಗೆ ಹಾಗೇ ಬಿಡಿ, ಊದಿದ್ದನ್ನು ಬಿತ್ತಿ, ಊದದ್ದಕ್ಕೆ ಇನ್ನೊಮ್ಮೆ ಬಿಸಿನೀರು ಎಂದೆ.

ವರದಿಯಲ್ಲಿ ಅವರಿಗೆ ಒಂದೇ ಅಂಕಿ ಬೇಕಿತ್ತು. ಮೊಳೆತದ್ದು, ವಿಕಾರವಾಗಿ ಮೊಳೆತದ್ದು, ಗಟ್ಟಿ, ಸತ್ತದ್ದು ಎಂದು ಬೇರೆ ಬೇರೆಯಾಗಿಯೇ ಬರೆದೆ. ಎಲ್ಲ ಒಟ್ಟು ಹಾಕಿದರೆ ಒಳ್ಳೆ ಬೀಜವನ್ನು ತಿಪ್ಪೆಗೆ ಎಸೆಯುತ್ತಾರೆ.

ಅವರೇ ತಂದಿದ್ದ ಬೇವಿನ ಬೀಜದ ಕತೆ ಬೇರೆ. ಹೋದ ವರ್ಷದ್ದು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಟ್ಟದ್ದು. ಸೀಳಿ ನೋಡಿದರೆ ಒಳಗೆಲ್ಲ ಕಂದು. ಬೇವಿನ ಬೀಜ ಕಾದು ಕೂರುವ ಜಾತಿಯಲ್ಲ: ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಕೆಲವೇ ವಾರದಲ್ಲಿ ಬಿತ್ತಿಬಿಡಬೇಕು.

"ಇದು ಸತ್ತಿರೋದು ನಿಜ ತಾನೇ?" ಎಂದು ಕೇಳಿ ಕವರನ್ನು ಮತ್ತೆ ಗಂಟು ಹಾಕಿಕೊಂಡರು. "ಎಸೀಬೇಡಮ್ಮ. ಕುಟ್ಟಿ ನೆನೆಹಾಕಿ ಬದನೆ ಗಿಡಕ್ಕೆ ಹೊಡಿತೀನಿ."