ಬ್ರೂಸ್ ಮಧ್ಯೆ ಬಾಯಿ ಹಾಕಲ್ಲ: ‘ಹಿಸ್ ಗರ್ಲ್ ಫ್ರೈಡೇ’ಗೆ ಕನ್ನಡ ಸಬ್‌ಟೈಟಲ್, ಅರ್ಧ ದಾರಿಯ ವರದಿ

92 ನಿಮಿಷದ ಚಿತ್ರದಲ್ಲಿ 46 ನಿಮಿಷ ಮುಗಿಯಿತು. ಅಷ್ಟಕ್ಕೇ ಎರಡು ತಿಂಗಳು ಬೇಕಾಯಿತು, ಅದೂ ಪ್ರತಿ ಭಾನುವಾರ ಪೂರ್ತಿ, ವಾರದಲ್ಲಿ ಎರಡು ಮೂರು ರಾತ್ರಿ ಕೂತು. ಹದಿನೈದು ದಿನದಲ್ಲಿ ಮುಗಿಸಿಬಿಡ್ತೀನಿ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಈಗ ಅಮ್ಮ ಕೇಳೋದು ಒಂದೇ ಪ್ರಶ್ನೆ: “ನಿನ್ನ ಫ್ರೈಡೇ ಯಾವ ಶುಕ್ರವಾರ ಬಿಡುಗಡೆ?”

ಇದು ಶುರುವಾಗಿದ್ದೂ ಅಮ್ಮನಿಂದಲೇ. ಹಳೇ ಹಾಲಿವುಡ್ಡಿನ ಸ್ಕ್ರೂಬಾಲ್ ಕಾಮಿಡಿಗಳ, ಅಂದರೆ ಗಂಡು ಹೆಣ್ಣು ಪಟಪಟ ಮಾತಿನಲ್ಲೇ ಜಗಳವಾಡಿ ನಗಿಸುವ ಪ್ರೇಮದ ಚಿತ್ರಗಳ ಹುಚ್ಚು ನನಗೆ ಕಾಲೇಜಿನಿಂದ ಇದೆ. ಒಂದು ರಾತ್ರಿ ಹಾಲ್‌ನಲ್ಲಿ ಒಬ್ಬನೇ ಕೂತು ನಗುತ್ತಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತರು. “ಏನಂದ ಅವನು?” ಅಂತ ಕೇಳಿದರು. ಹೇಳಿದೆ. ನಾನು ಹೇಳಿ ಮುಗಿಸೋದರೊಳಗೆ ಪರದೆ ಮೇಲೆ ಇನ್ನೂ ಮೂರು ಜೋಕು ಆಗಿಹೋಗಿತ್ತು. ಮತ್ತೆ ಹಿಂದಕ್ಕೆ ತಿರುಗಿಸಿ ಹೇಳಿದೆ, ಮತ್ತೆ ಮೂರು ಹೋಯ್ತು. ಕೊನೆಗೆ ಅಮ್ಮನೇ, “ಬರೆದು ಹಾಕಪ್ಪ, ನಾನೇ ಓದ್ಕೋತೀನಿ” ಅಂದರು. ಅಮ್ಮ ವಾರಪತ್ರಿಕೆಯ ಧಾರಾವಾಹಿಯನ್ನು ಕುಕ್ಕರ್ ಮೂರು ಸೀಟಿ ಹೊಡೆಯೋದರೊಳಗೆ ಓದಿ ಮುಗಿಸುವವರು. ಓದುವ ವೇಗದ ಚಿಂತೆ ನನಗಿರಲಿಲ್ಲ.

ಈ ಚಿತ್ರವನ್ನೇ ಆರಿಸಿಕೊಳ್ಳೋಕೆ ಎರಡು ಕಾರಣ. ಮೊದಲನೆಯದು, 1940ರ ಈ ಚಿತ್ರದ ಹಕ್ಕನ್ನು ಅಮೆರಿಕದಲ್ಲಿ ಯಾರೂ ನವೀಕರಿಸಲಿಲ್ಲ, ಹಾಗಾಗಿ ಮುಕ್ತವಾಗಿ ಸಿಗುತ್ತದೆ. ಎರಡನೆಯದು ಬರೀ ಮೊಂಡುತನ. ಹಾವರ್ಡ್ ಹಾಕ್ಸ್ ನಿರ್ದೇಶನದ ಈ ಚಿತ್ರದಲ್ಲಿ ನಿಮಿಷಕ್ಕೆ 240 ಪದ ಆಡುತ್ತಾರೆ ಅನ್ನೋದು ಎಲ್ಲರೂ ಹೇಳುವ ಲೆಕ್ಕ. ಎಲ್ಲಕ್ಕಿಂತ ಕಷ್ಟದ್ದನ್ನೇ ಮೊದಲು ಮಾಡೋಣ ಅಂದುಕೊಂಡೆ. ಈಜು ಕಲಿಯೋಕೆ ಜೋಗದ ಗುಂಡಿಗೆ ಇಳಿದ ಹಾಗಾಯ್ತು.

ಕಥೆ ಗೊತ್ತಿಲ್ಲದವರಿಗೆ: ವಾಲ್ಟರ್ ಬರ್ನ್ಸ್ ಪತ್ರಿಕೆಯ ಸಂಪಾದಕ, ಅಂದರೆ ಕ್ಯಾರಿ ಗ್ರ್ಯಾಂಟ್. ಹಿಲ್ಡಿ ಜಾನ್ಸನ್ ಅವನ ಪತ್ರಿಕೆಯ ಅತ್ಯುತ್ತಮ ವರದಿಗಾರ್ತಿ, ಅವನಿಗೆ ವಿಚ್ಛೇದನ ಕೊಟ್ಟ ಹೆಂಡತಿಯೂ ಹೌದು, ಅಂದರೆ ರೋಸಲಿಂಡ್ ರಸೆಲ್. ಕೆಲಸ ಬಿಟ್ಟು, ಆಲ್ಬನಿಯ ಇನ್ಶೂರೆನ್ಸ್ ಏಜೆಂಟ್ ಬ್ರೂಸ್‌ನನ್ನು ನಾಳೆ ಮದುವೆ ಆಗ್ತೀನಿ ಅಂತ ಹೇಳಿ ಹೋಗೋಕೆ ಬಂದಿದ್ದಾಳೆ. ವಾಲ್ಟರ್ ಬಿಡ್ತಾನಾ? ಊರಲ್ಲಿ ಒಬ್ಬನನ್ನು ಗಲ್ಲಿಗೆ ಹಾಕುವ ಸುದ್ದಿ ಬೇರೆ ಇದೆ.

ಮೊದಲ ತಾಪತ್ರಯ ಲೆಕ್ಕದ್ದು. ಸಬ್‌ಟೈಟಲ್‌ಗೆ ರೂಢಿಯ ಮಿತಿ ಇದೆ: ಒಂದು ಸಾಲಿಗೆ 42 ಅಕ್ಷರ, ಒಂದು ಸಲಕ್ಕೆ ಎರಡೇ ಸಾಲು. ಮೀರಿದರೆ ಸಾಫ್ಟ್‌ವೇರು ಕೆಂಪು ಬಣ್ಣ ತೋರಿಸುತ್ತೆ. ನನ್ನದು ಮೊದಲ ದಿನವೇ ಪೂರ್ತಿ ಕೆಂಪು, ಕುಂಕುಮ ಚೆಲ್ಲಿದ ಹಾಗೆ. ಎಷ್ಟು ಕತ್ತರಿಸಿದರೂ ಕೆಂಪೇ. ಆಮೇಲೆ ತಿಳೀತು, ಅದು ಎಣಿಸೋದು ನಾವು ಎಣಿಸುವ ಅಕ್ಷರವನ್ನಲ್ಲ. ‘ಸ್ತ್ರೀ’ ಅಂತ ಬರೆದರೆ ನಮಗೆ ಒಂದಕ್ಷರ. ಅದಕ್ಕೆ ಆರು: ಸ, ಅರ್ಧ ಮಾಡುವ ಗುರುತು, ತ, ಮತ್ತೊಂದು ಗುರುತು, ರ, ಈ-ಕಾರ. ಒತ್ತಕ್ಷರಕ್ಕೆಲ್ಲ ದಂಡ ಹಾಕ್ತಿತ್ತು. ಮಿತಿಯನ್ನು ಏರಿಸಿಕೊಂಡೆ, ಕೆಂಪು ಕಡಿಮೆಯಾಯಿತು. ನಮ್ಮ ಟಿವಿಯಲ್ಲಿ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತಿದ್ದವು. ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿಬಿಟ್ಟೆ, ಅದೂ ಮುಗೀತು.

ನಿಜವಾಗಿ ನಿದ್ದೆ ಕೆಡಿಸಿದ್ದು ಕ್ರಿಯಾಪದ.

ಇಲ್ಲಿ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹತ್ತಿಕೊಂಡು ಮಾತಾಡುತ್ತಾರೆ. ಹಾಕ್ಸ್ ಇದಕ್ಕೆ ಮಾಡಿದ ಉಪಾಯವನ್ನು ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದ: ವಾಕ್ಯದ ಹಿಂದೆ ಮುಂದೆ ಬೇಕಿಲ್ಲದ ನಾಲ್ಕು ಪದ ಸೇರಿಸೋದು, ತಿರುಳನ್ನು ನಡುವೆ ಇಡೋದು. ತಲೆ ಬಾಲ ಇನ್ನೊಬ್ಬರ ಮಾತಿನಡಿ ಮುಚ್ಚಿಹೋದರೂ ನಷ್ಟವಿಲ್ಲ. ನನಗಂತೂ ಖುಷಿಯಾಯ್ತು, ತಲೆ ಬಾಲ ಕತ್ತರಿಸಿ ನಡುವಿನದನ್ನು ಮಾತ್ರ ಬರೆದರಾಯ್ತಲ್ಲ ಅಂತ. ಆದರೆ ಕನ್ನಡದಲ್ಲಿ ತಿರುಳು ಕೂರೋದೇ ಬಾಲದಲ್ಲಿ. “ನಿನ್ನ ಪತ್ರಿಕೆಗೆ ಇನ್ನು ನಾನು ಕೆಲಸ ಮಾಡ...” ಅನ್ನುವಲ್ಲಿಗೆ ವಾಲ್ಟರ್ ಮೇಲೆ ಬಿದ್ದರೆ, ಅವಳು ‘ಮಾಡ್ತೀನಿ’ ಅಂದಳಾ ‘ಮಾಡಲ್ಲ’ ಅಂದಳಾ? ಇಡೀ ಕಥೆ ನಿಂತಿರೋದೇ ಆ ಕೊನೆಯ ಅಕ್ಷರಗಳ ಮೇಲೆ.

ವಾರಗಟ್ಟಲೆ ಒದ್ದಾಡಿದೆ. ಉತ್ತರ ಸಿಕ್ಕಿದ್ದು ನಮ್ಮ ಬೀದಿಯ ತರಕಾರಿ ಗಾಡಿ ಹತ್ತಿರ. “ಆಗಲ್ಲ ಬಿಡಿ, ಇಪ್ಪತ್ತಕ್ಕೆಲ್ಲ ಎಲ್ಲಿ ಬರುತ್ತೆ ಈಗ ಬೀನ್ಸು” ಅಂದ ಗಾಡಿಯವನು. ಜಗಳದಲ್ಲಿ, ಚೌಕಾಸಿಯಲ್ಲಿ ನಾವು ‘ಇಲ್ಲ’ವನ್ನು ಮುಂದಕ್ಕೆ ಎಳೆದು ತರ್ತೀವಿ. ವ್ಯಾಕರಣದ ಪುಸ್ತಕದಲ್ಲಿ ಮಾತ್ರ ಅದು ಕೊನೆಗೆ ಬರೋದು. ಅವತ್ತು ಮನೆಗೆ ಬಂದು ಸಂಪಾದಕನ ಕೋಣೆಯ ದೃಶ್ಯವನ್ನು ಮೊದಲಿನಿಂದ ಬರೆದೆ. “ಆಗಲ್ಲ. ನಿನ್ನ ಪತ್ರಿಕೆಗೆ ಇನ್ನು ನಾನು...” ಈಗ ಎಲ್ಲಿ ಬೇಕಾದರೂ ಕತ್ತರಿಸಿ, ಅರ್ಥ ಉಳಿಯುತ್ತೆ. ಬೀನ್ಸು ಮರೆತು ಬಂದಿದ್ದೆ, ಅದು ಬೇರೆ.

ಆಮೇಲೆ ನೀನು-ನೀವು. ಮೊದಲ ಕರಡಿನಲ್ಲಿ ಹಿಲ್ಡಿ ಕೈಲಿ ವಾಲ್ಟರ್‌ಗೆ ‘ನೀವು’ ಅನ್ನಿಸಿದ್ದೆ. ಮಾಜಿ ಗಂಡ, ಮಾಜಿ ಬಾಸ್, ಮರ್ಯಾದೆ ಇರಲಿ ಅಂತ. ಅಮ್ಮ ಎರಡೇ ನಿಮಿಷ ನೋಡಿ, “ಹೀಗೆ ಬೈಯೋಳು ನೀವು ಅಂತಾಳೇನೋ?” ಅಂದರು. ಸರಿ, ಇಬ್ಬರಿಗೂ ‘ನೀನು’. ಹಾಗೆ ಬದಲಾಯಿಸಿದ ಕೂಡಲೇ ಇಬ್ಬರೂ ಸಮ ಆದರು, ಸಾಲುಗಳೂ ಗಿಡ್ಡ ಆದವು. ಬ್ರೂಸ್‌ಗೆ ಮಾತ್ರ ಹಿಲ್ಡಿ ಜೊತೆ ‘ನೀವು’ ಹಾಗೇ ಉಳಿಸಿದೆ. “ನಾಳೆ ಮದುವೆ ಆಗೋನು ಇವತ್ತು ನೀವು ಅಂತಾನೆ, ಪಾಪ” ಅಂದರು ಅಮ್ಮ. ಇಂಗ್ಲಿಷಿನಲ್ಲಿ ಇಲ್ಲದ್ದನ್ನು ಸೇರಿಸಿದೆ ಅಂತ ಯಾರಾದರೂ ಬೈಯಬಹುದು. ಬೈಯಲಿ. ಬ್ರೂಸ್ ಆಗಿರುವ ರಾಲ್ಫ್ ಬೆಲ್ಲಮಿ ಕೊಡೆ ಹಿಡಿದು ನಿಂತ ಭಂಗಿಯಲ್ಲಿ ಆ ‘ನೀವು’ ಇದೆ.

ಲಿಂಗದ ಕಥೆ ಇನ್ನೂ ಮಜಾ. ಇದರ ಮೂಲ ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕಾರ್ಥರ್ ಬರೆದ 1928ರ ನಾಟಕ. ಅದರಲ್ಲಿ ಹಿಲ್ಡಿ ಗಂಡಸು. ಆ ಮಾತುಗಳನ್ನು ಒಬ್ಬ ಹೆಂಗಸಿನ ಕೈಲಿ ಓದಿಸಿದಾಗ ಇನ್ನೂ ಚೆನ್ನಾಗಿದೆ ಅನ್ನಿಸಿ ಹಾಕ್ಸ್ ಪಾತ್ರವನ್ನೇ ಬದಲಾಯಿಸಿದ. ಇಂಗ್ಲಿಷಿನಲ್ಲಿ ಕ್ರಿಯಾಪದ ಗಂಡೋ ಹೆಣ್ಣೋ ಹೇಳಲ್ಲ. ನಮ್ಮಲ್ಲಿ ಹಾಗೆ ಜಾರಿಕೊಳ್ಳೋಕಾಗಲ್ಲ. ಪ್ರೆಸ್ ರೂಮಿನ ಗಂಡಸರು ಅವಳನ್ನು ಕುರಿತು ಆಡುವ ಪ್ರತಿ ಮಾತಿಗೂ ‘ಬಂದ್ಲು’, ‘ಬರೆದ್ಲು’. ಇಸ್ಪೀಟಿನ ಮೇಜಿನ ಸುತ್ತ ಅಷ್ಟೂ ಜನ ಗಂಡಸರೇ, ಪ್ರತಿ ಸಾಲಿನ ಕೊನೆಗೆ ಒಂದು ‘ಳು’. ಅವಳು ಅಲ್ಲಿ ಒಬ್ಬಳೇ ಅನ್ನೋದನ್ನು ಕನ್ನಡ ತಾನಾಗಿಯೇ ಎತ್ತಿ ತೋರಿಸಿತು.

ಕೆಲವು ಜೋಕು ಪುಕ್ಕಟೆ ಸಿಕ್ಕವು. ಹೋಟೆಲಿನಲ್ಲಿ ಮೂವರೂ ಊಟಕ್ಕೆ ಕೂತಾಗ, ಮದುವೆಯಾದ ಮೇಲೆ ಬ್ರೂಸ್‌ನ ತಾಯಿ ಜೊತೆಗೇ ಇರ್ತೀವಿ, ಮೊದಲ ವರ್ಷ ಮಾತ್ರ ಅನ್ನುವ ವಿಷಯ ಬರುತ್ತೆ. ವಾಲ್ಟರ್ ಮುಖದಲ್ಲಿ ಎಂಥಾ ಆನಂದ! ‘ತಾಯಿ’ ಅನ್ನುವಲ್ಲಿ ನಾನು ‘ಅತ್ತೆ’ ಅಂತ ಹಾಕಿದೆ, ಅಷ್ಟೇ. ನನ್ನ ಹೆಂಡತಿ ಅಡುಗೆಮನೆಯಿಂದಲೇ ನಕ್ಕಳು. ಅಮ್ಮ ನಗಲಿಲ್ಲ.

ಎದುರಾದ ಅತ್ಯಂತ ಕಷ್ಟದ ಸಾಲು ವೇಗದ್ದಲ್ಲ. ಗಲ್ಲಿಗೆ ಹೋಗಲಿರುವವನ ಪರವಾಗಿ ಮಾತಾಡೋಕೆ ಬಂದ ಮಾಲಿ ಅನ್ನುವ ಹೆಂಗಸನ್ನು ವರದಿಗಾರರು ಆಡಿಕೊಂಡು ನಗುತ್ತಾರೆ. ಹಿಲ್ಡಿ ಅವಳನ್ನು ಹೊರಗೆ ಕರೆದೊಯ್ದು ಬರುತ್ತಾಳೆ. ಬಾಗಿಲಲ್ಲಿ ನಿಂತು ಅವರನ್ನೆಲ್ಲ ನೋಡಿ ಒಂದು ಮಾತು ಹೇಳುತ್ತಾಳೆ, ಪತ್ರಿಕಾ ವೃತ್ತಿಯ ಸಭ್ಯರು ಅನ್ನುವ ಅರ್ಥದ್ದು. ಅಲ್ಲಿಯವರೆಗಿನ ಗದ್ದಲವೆಲ್ಲ ನಿಂತುಹೋಗಿರುತ್ತೆ. ‘ಪತ್ರಕರ್ತ ಮಹಾಶಯರೇ’ ಅಂತ ಬರೆದೆ, ಸನ್ಮಾನ ಸಮಾರಂಭದ ಹಾಗಿತ್ತು. ‘ನೀವೂ ಪತ್ರಕರ್ತರಾ’ ಅಂದೆ, ಬೈಗುಳ ಬಿಚ್ಚಿಹೋಯ್ತು. ಮೂರು ರಾತ್ರಿ ಆದಮೇಲೆ ಉಳಿದದ್ದು ‘ದೊಡ್ಡಮನುಷ್ಯರು.’ ಪತ್ರಿಕೆ ಅನ್ನುವ ಪದವೇ ಬಿಟ್ಟುಹೋಯ್ತು, ಆದರೂ ಸದ್ಯಕ್ಕೆ ಅದೇ ಇರಲಿ.

‘ಸ್ಕ್ರೂಬಾಲ್’ ಪದಕ್ಕೆ ಏನು ಮಾಡ್ತೀರಿ ಅಂತ ಗೆಳೆಯನೊಬ್ಬ ಕೇಳಿದ. ಅದು ಬೇಸ್‌ಬಾಲಿನದು, ಎಲ್ಲರೂ ಎದುರು ನೋಡುವ ಕಡೆಗೆ ತಿರುಗದೆ ಉಲ್ಟಾ ತಿರುಗುವ ಎಸೆತ. ನ್ಯೂಯಾರ್ಕ್ ಜೈಂಟ್ಸ್‌ನ ಕಾರ್ಲ್ ಹಬೆಲ್ ಅದರ ಉಸ್ತಾದ್. 1934ರ ಆಲ್-ಸ್ಟಾರ್ ಪಂದ್ಯದಲ್ಲಿ ಬೇಬ್ ರೂತ್ ಸೇರಿ ಐದು ಘಟಾನುಘಟಿಗಳನ್ನು ಸಾಲಾಗಿ ಔಟ್ ಮಾಡಿದ. ಈ ಬಗೆಯ ಚಿತ್ರಗಳಿಗೆ ದಾರಿ ಮಾಡಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಬಂದದ್ದೂ ಅದೇ ವರ್ಷ. ನಮ್ಮಲ್ಲಾದರೆ ಗೂಗ್ಲಿ, ಮತ್ತೇನು.

ಎಲ್ಲಕ್ಕಿಂತ ದೊಡ್ಡ ಸೋಲು ಒಂದಿದೆ, ಅದಕ್ಕೆ ಇನ್ನೂ ಮದ್ದಿಲ್ಲ. ಇಡೀ ಚಿತ್ರದಲ್ಲಿ ವಾಲ್ಟರ್ ಮತ್ತು ಹಿಲ್ಡಿ ಪ್ರೀತಿಯ ಮಾತು ಆಡೋದು ಇಲ್ಲವೇ ಇಲ್ಲ ಅನ್ನಬಹುದು. ಅವರು ಮಾಡೋದೆಲ್ಲ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕೋದು. ಹಾಕಿಯೂ ಒಂದಕ್ಷರ ಕೇಳಿಸಿಕೊಳ್ಳದೆ ಬಿಡಲ್ಲ, ಅದೇ ಅವರ ಸರಸ. ಬ್ರೂಸ್ ಬೇರೆಯವರ ಮಾತು ಮುಗಿಯಲಿ ಅಂತ ಕಾಯ್ತಾನೆ, ಕಾಯ್ತಾ ಕಾಯ್ತಾನೇ ಅವಳನ್ನು ಕಳೆದುಕೊಳ್ತಾನೆ. ಆದರೆ ಸಬ್‌ಟೈಟಲ್‌ನಲ್ಲಿ ಎಲ್ಲರೂ ಸರದಿ ಪ್ರಕಾರ ಒಬ್ಬರ ಕೆಳಗೆ ಒಬ್ಬರು ಶಿಸ್ತಾಗಿ ನಿಲ್ಲುತ್ತಾರೆ. ನನ್ನ ಅಕ್ಷರದಲ್ಲಿ ಎಲ್ಲರೂ ಬ್ರೂಸ್‌ಗಳೇ. ಒಬ್ಬರ ಮಾತು ಎಡಕ್ಕೆ, ಇನ್ನೊಬ್ಬರದ್ದು ಬಲಕ್ಕೆ ಹಾಕಿ ನೋಡಿದೆ. ಟೆನಿಸ್ ಮ್ಯಾಚು ನೋಡಿದ ಹಾಗೆ ಕತ್ತು ತಿರುಗಿಸಿ ಅಮ್ಮನಿಗೆ ನೋವು ಬಂತು. ಈಗ ಎರಡನೆಯವರ ಸಾಲನ್ನು ಮೊದಲನೆಯದು ಮುಗಿಯೋಕೆ ಅರ್ಧ ಸೆಕೆಂಡ್ ಮುಂಚೆಯೇ ಪರದೆಗೆ ತರ್ತಿದ್ದೀನಿ. ಪರವಾಗಿಲ್ಲ ಅನ್ನಿಸುತ್ತೆ.

ಮುಂದಿನದು ಜೈಲಿನಿಂದ ಕೈದಿ ತಪ್ಪಿಸಿಕೊಳ್ಳುವ ಭಾಗ. ಎಲ್ಲರ ಕೈಯಲ್ಲೂ ಟೆಲಿಫೋನು, ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ಅದನ್ನು ನೆನೆಸಿಕೊಂಡರೇ ಹೊಟ್ಟೆ ತೊಳಸುತ್ತೆ. ಒಂದು ಸಾಲು ಮಾತ್ರ ಈಗಲೇ ಸಿದ್ಧ. ಬ್ರೂಸ್ ನೋಡೋಕೆ ಹೇಗಿದ್ದಾನೆ ಅಂತ ವಾಲ್ಟರ್ ಒಬ್ಬಳಿಗೆ ವಿವರಿಸುತ್ತಾನೆ: ಸಿನಿಮಾದಲ್ಲಿ ಬರ್ತಾನಲ್ಲ, ಆ ರಾಲ್ಫ್ ಬೆಲ್ಲಮಿ ಥರ. ಬ್ರೂಸ್ ಪಾತ್ರ ಮಾಡಿರೋದೇ ಬೆಲ್ಲಮಿ. ಅಮ್ಮನಿಗೆ ಇದನ್ನು ಹೇಗೆ ತಿಳಿಸೋದು ಅಂತ ಯೋಚಿಸುತ್ತಿದ್ದೆ. ಹೋದ ವಾರ ‘ದಿ ಆಫುಲ್ ಟ್ರೂತ್’ ಹಾಕಿದ್ದೆ, 1937ರದ್ದು. ಅದರಲ್ಲೂ ಬೆಲ್ಲಮಿ, ಒಕ್ಲಹೋಮಾದ ಎಣ್ಣೆ ಬಾವಿ ಸಾಹುಕಾರ, ಜೊತೆಯಲ್ಲಿ ತಾಯಿ. ಅದರಲ್ಲೂ ಕ್ಯಾರಿ ಗ್ರ್ಯಾಂಟ್ ಎದುರಿಗೆ ಹುಡುಗಿ ತಪ್ಪಿಹೋಗುತ್ತಾಳೆ. ಬೆಲ್ಲಮಿ ತೆರೆ ಮೇಲೆ ಬಂದ ಕೂಡಲೇ ಅಮ್ಮ ಕನ್ನಡಕ ಸರಿಮಾಡಿಕೊಂಡು, “ಅಯ್ಯೋ, ಇವನು ನಮ್ಮ ಬ್ರೂಸ್ ಥರಾನೇ ಇದ್ದಾನಲ್ಲೋ” ಅಂದರು.