ಸೋರುವುದು ಎಲ್ಲೋ, ತೊಟ್ಟಿಕ್ಕುವುದು ಎಲ್ಲೋ

ಮನೆಯಲ್ಲೇ ಬೈಕಿನ ಆಯಿಲ್ ಬದಲಿಸುವ ಗ್ರಾಹಕರ ಬಗ್ಗೆ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ‘ಅವರು ಮುನ್ನೂರು ರೂಪಾಯಿ ಉಳಿಸುತ್ತಾರೆ, ನಮಗೆ ಮೂರು ಸಾವಿರದ ಕೆಲಸ ತರುತ್ತಾರೆ.’ ಮಡಿಕೇರಿಗೆ ಬರುವ ಹೊಸ ಹುಡುಗರಿಗೆ ಇದನ್ನು ಹೇಳಿಕೊಡುತ್ತಿದ್ದವನು ನಾನೇ. ಸುಂಟಿಕೊಪ್ಪದ ಕಡೆಯ ತೋಟವೊಂದಕ್ಕೆ ಹೋಗಿಬಂದ ಮೇಲೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ.

ತೋಟದ ಯಜಮಾನರು ನಿವೃತ್ತರು. ಎರಡು ಸಿಲಿಂಡರಿನ 650 ಸಿಸಿ ಬೈಕ್ ಇಟ್ಟುಕೊಂಡಿದ್ದಾರೆ. ಮಳೆ ನಿಂತ ಮೇಲೆ ದೂರದ ಊರುಗಳಿಗೆ ಹೊರಡುವವರು, ಮಳೆಗಾಲ ಹಿಡಿಯುವ ಹೊತ್ತಿಗೆ ಆಯಿಲ್ ಬದಲಿಸಿಯೇ ಬೈಕನ್ನು ಷೆಡ್ಡಿಗೆ ಸೇರಿಸುತ್ತಾರೆ. ಕೊಳೆಯಾದ ಆಯಿಲಿನಲ್ಲಿ ಆಮ್ಲವೂ ತೇವವೂ ಇರುತ್ತವೆ, ಅದನ್ನು ತುಂಬಿಟ್ಟುಕೊಂಡು ಎಂಜಿನ್ ತಿಂಗಳುಗಟ್ಟಲೆ ನಿಲ್ಲಬಾರದು ಎನ್ನುವುದು ಅವರ ಲೆಕ್ಕ. ಸರಿಯಾದ ಲೆಕ್ಕವೇ. ಹಿಂದಿನ ಸರ್ವಿಸ್‌ಗಳೆಲ್ಲ ನಮ್ಮಲ್ಲೇ ಆಗಿದ್ದವು. ಈ ಸಲ ಮಾತ್ರ ತಾವೇ ಮಾಡುತ್ತೇನೆಂದು ಕೈಹಾಕಿದ್ದರು. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು: ‘ಆಯಿಲ್ ತೊಟ್ಟಿಕ್ಕುತ್ತಿದೆ. ಡ್ರೈನ್ ಬೋಲ್ಟ್ ಹತ್ತಿರ.’ ಹಳೆಯ ಆಯಿಲ್ ಇಳಿಸಲು ಎಂಜಿನ್ನಿನ ತಳದಲ್ಲಿರುವ ಬೋಲ್ಟ್ ಅದು.

ನನಗೆ ಅಷ್ಟು ಸಾಕಾಯಿತು. ಅಲ್ಯೂಮಿನಿಯಮ್ ಕೇಸ್, ಉಕ್ಕಿನ ಬೋಲ್ಟ್, ಕೈತುಂಬ ಬಲವಿರುವ ತೋಟದ ಮನುಷ್ಯ. ಥ್ರೆಡ್ ಹೋಗಿದೆ ಎಂದು ಫೋನ್ ಇಡುವ ಮೊದಲೇ ತೀರ್ಮಾನಿಸಿದೆ. ಹಾಳಾದ ಥ್ರೆಡ್ಡಿಗೆ ಹೊಸ ಸುರುಳಿ ಕೂರಿಸುವ ಹೆಲಿಕಾಯಿಲ್ ಕಿಟ್, ಟ್ಯಾಪ್, ತಾಮ್ರದ ವಾಷರ್‌ಗಳು, ಬನಿಯನ್ ವೇಸ್ಟ್ ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಆಯಿಲ್ ಫಿಲ್ಟರ್ ತೆಗೆದುಕೊಳ್ಳಬೇಕೆಂದು ತೋಚಲೇ ಇಲ್ಲ.

ಅಲ್ಲಿಗೆ ತಲುಪುವಾಗ ಮಳೆ ಜಡಿಯುತ್ತಿತ್ತು. ಬೈಕ್ ಕಣದ ಅಂಚಿನ ತಗಡಿನ ಷೆಡ್ಡಿನಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಹಿಂದುಗಡೆ ಕಾಫಿ ಹೊಟ್ಟಿನ ಮೂಟೆಗಳು. ನಾನು ಹೋದವನೇ ಬೈಕ್ ನೋಡುವ ಬದಲು ಯಜಮಾನರನ್ನೇ ತಪಾಸಣೆ ಮಾಡತೊಡಗಿದೆ. ಮೂಲೆಯಲ್ಲಿ ಜೀಪಿಗೆ ಹಾಕುವ 15ಡಬ್ಲ್ಯೂ40 ಡೀಸೆಲ್ ಆಯಿಲಿನ ಡಬ್ಬ ಕಂಡಿತು. ‘ಸರ್, ಕಾರಿನ ಆಯಿಲ್ ಬೈಕಿಗೆ ಆಗುವುದಿಲ್ಲ. ನಮ್ಮ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ಜಾರು ಹೆಚ್ಚಿಸುವ ರಾಸಾಯನಿಕ ಇದ್ದರೆ ಕ್ಲಚ್ ಹಿಡಿಯುವುದಿಲ್ಲ’ ಎಂದು ಪಾಠ ಶುರುಮಾಡಿದೆ. ಅವರು ಏನೂ ಹೇಳದೆ ತಾವು ಹಾಕಿದ ಡಬ್ಬವನ್ನು ನನ್ನ ಕಡೆ ತಿರುಗಿಸಿದರು. ಕೈಪಿಡಿಯಲ್ಲಿ ಹೇಳಿದ ಗ್ರೇಡ್, ಹಿಂಬದಿಯಲ್ಲಿ ಜಾಸೋ ಎಂಎ2 ಎಂಬ ಗುರುತು, ಅಂದರೆ ಆಯಿಲಿನಲ್ಲಿ ಮುಳುಗುವ ಕ್ಲಚ್ಚಿಗೆ ಹೊಂದುವ ಆಯಿಲ್.

ಬೋಲ್ಟ್ ಎಷ್ಟು ಬಿಗಿ ಮಾಡಿದಿರಿ ಎಂದು ಕೇಳಿದೆ. ಬಿಗಿಯನ್ನು ಅಳೆದು ಹಾಕುವ ಟಾರ್ಕ್ ರೆಂಚ್ ಪೆಟ್ಟಿಗೆಯಲ್ಲಿತ್ತು, ಅದನ್ನು ತೋರಿಸಿದರು. ಕೈಪಿಡಿಯ ಆ ಪುಟಕ್ಕೆ ಹಳೆಯ ಲಗ್ನಪತ್ರಿಕೆಯೊಂದನ್ನು ಗುರುತಾಗಿ ಇಟ್ಟಿದ್ದರು. ವಾಷರ್ ಹೊಸದು. ಬೋಲ್ಟ್ ಒರೆಸಿ ಬೆರಳಿಟ್ಟು ನೋಡಿದೆ. ಬಿಗಿಯಾಗಿಯೇ ಇತ್ತು, ತಿರುಗುವಾಗ ಥ್ರೆಡ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೂ ಬೋಲ್ಟಿನ ತುದಿಯಲ್ಲಿ ನಿಧಾನವಾಗಿ ಒಂದು ಹನಿ ಕಟ್ಟಿಕೊಂಡಿತು.

ಕೊಡಗಿನ ಹಂಚಿನ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಹಂಚು ಒಡೆದಿರುವುದು ಅಡುಗೆಮನೆಯ ಮೇಲೆ, ನೀರು ಪಕಾಸಿಯ ಗುಂಟ ಹರಿದು ಬೀಳುವುದು ನಡುಮನೆಯ ಮಂಚದ ಮೇಲೆ. ಈ ಬೈಕಿನಲ್ಲಿ ಫಿಲ್ಟರ್ ಎಂಜಿನ್ನಿನ ಮುಂಭಾಗದಲ್ಲಿದೆ. ಅಲ್ಲಿ ಸೋರಿದ್ದು ಕೇಸಿನ ಹೊಟ್ಟೆಯ ಕೆಳಗೆ ಹರಿದು, ಎಲ್ಲಕ್ಕಿಂತ ತಗ್ಗಿನಲ್ಲಿರುವ ಡ್ರೈನ್ ಬೋಲ್ಟಿನಲ್ಲಿ ಹನಿಯಾಗುತ್ತದೆ. ನಾನು ಹೆಲಿಕಾಯಿಲ್ ಕಿಟ್ ಹೊತ್ತು ತಂದಿದ್ದೆನಲ್ಲ, ಕಣ್ಣು ಬೋಲ್ಟ್ ಬಿಟ್ಟು ಮೇಲಕ್ಕೆ ಹೋಗಲಿಲ್ಲ.

‘ಒಮ್ಮೆ ಸ್ಟಾರ್ಟ್ ಮಾಡಿ ಸರ್, ನಿಖರವಾಗಿ ಎಲ್ಲಿಂದ ಅಂತ ನೋಡುತ್ತೇನೆ’ ಎಂದೆ. ಟಾರ್ಚ್ ಹಿಡಿದು ಎಂಜಿನ್ ಕೆಳಗೆ ಅಂಗಾತ ಮಲಗಿದೆ. ಐಡಲ್‌ನಲ್ಲಿ ಅದೇ ಹನಿ, ಅದೇ ನಿಧಾನ. ‘ಸ್ವಲ್ಪ ರೇಸ್ ಮಾಡಿ’ ಎಂದು ಕೂಗಿದೆ. ಅವರು ಮಾಡಿದರು. ಮೂರು ಸಾವಿರ ಆರ್‌ಪಿಎಂ ಇರಬಹುದು. ಮೊದಲು ಪಟಕ್ಕೆಂದು ಏನೋ ಸದ್ದು. ಆಮೇಲೆ ಫಿಲ್ಟರಿನ ಸುತ್ತಲಿಂದ ಆಯಿಲ್ ಛತ್ರಿಯಂತೆ ಬಿಚ್ಚಿಕೊಂಡು ಬಂದು ನನ್ನ ಟಾರ್ಚ್, ಕನ್ನಡಕ, ಅಂಗಿಯ ಮೇಲೆಲ್ಲ ಬಿತ್ತು. ಉಳಿದದ್ದು ಸೈಲೆನ್ಸರಿಗೆ ಹೋಗುವ ಕಾದ ಬೆಂಡ್ ಪೈಪಿಗೆ ಹೊಡೆಯಿತು.

‘ಆಫ್! ಆಫ್!’ ಎಂದು ಕಿರುಚಿದೆ. ತಗಡಿನ ಮೇಲೆ ಬೀಳುವ ಮಳೆಯ ಅಬ್ಬರದಲ್ಲಿ ಅವರಿಗೆ ಅದು ರೇಸ್ ಎಂದು ಕೇಳಿಸಿತೋ ಏನೋ, ಇನ್ನಷ್ಟು ತಿರುಗಿಸಿದರು. ಬೆಂಡ್ ಪೈಪಿನಿಂದ ಬಿಳಿ ಹೊಗೆ ಎದ್ದಿತು. ಹೊಗೆಯ ಹಿಂದೆ ಹೊಟ್ಟಿನ ಮೂಟೆಗಳು. ಎದ್ದೇಳೋಣವೆಂದರೆ ಕೈ ಊರಿದಲ್ಲೆಲ್ಲ ಆಯಿಲ್, ಅಂಗೈ ಜಾರಿ ಮತ್ತೆ ಬೆನ್ನ ಮೇಲೆ ಬಿದ್ದೆ. ಬೆಂಕಿ ಹತ್ತಿದರೆ ಮೊದಲು ಎಳೆಯಬೇಕಾದದ್ದು ಬೈಕನ್ನೋ ಮೂಟೆಯನ್ನೋ ಎಂಬ ಲೆಕ್ಕವೊಂದು ಆ ಹೊತ್ತಿನಲ್ಲೂ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ ಹೊಗೆ ಮೂಗಿಗೆ ಬಡಿದು ಯಜಮಾನರೇ ಕಿಲ್ ಸ್ವಿಚ್ ಒತ್ತಿದರು. ಆಮೇಲೆ ಮಳೆಯ ಸದ್ದು ಮಾತ್ರ, ಮತ್ತೆ ಪೈಪಿನ ಮೇಲೆ ಆಯಿಲ್ ಚುರುಗುಟ್ಟುವುದು.

ಹೊಗೆ ನೋಡಿ ಓಡಿಬಂದ ಮನೆಯ ಅಮ್ಮನವರು ನನ್ನನ್ನೂ ಕಣವನ್ನೂ ಒಮ್ಮೆ ನೋಡಿದರು. ‘ಡಿಸೆಂಬರಿನಲ್ಲಿ ಇದೇ ಸಿಮೆಂಟಿನ ಮೇಲೆ ಕಾಫಿ ಹರಡಬೇಕು’ ಎಂದಷ್ಟೇ ಹೇಳಿದರು. ಬೈಗುಳವಾದರೆ ತಡೆದುಕೊಳ್ಳಬಹುದಿತ್ತು. ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆಂದು ಈ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು. ಆಯಿಲ್ ಹರಿದಲ್ಲೆಲ್ಲ ಹೊಟ್ಟು ಸುರಿದು, ಹೀರಿದ ಮೇಲೆ ಗುಡಿಸಿ, ಸೋಪಿನ ಪುಡಿ ಹಾಕಿ ಉಜ್ಜಿದೆ. ಫಿಲ್ಟರಿಗೆ ಕೈಹಾಕಿದ್ದು ಅದರ ನಂತರ.

ಬಿಚ್ಚಿದರೆ ಒಂದರ ಮೇಲೊಂದು ಎರಡು ರಬ್ಬರ್ ರಿಂಗ್. ಒಂದು ಹೊಸ ಫಿಲ್ಟರಿನದು, ಒತ್ತಡಕ್ಕೆ ಹೊರಗೆ ಚಿಮ್ಮಿ ಹಿಚುಕಿಹೋಗಿತ್ತು. ಇನ್ನೊಂದು ಹಳೆಯ ಫಿಲ್ಟರಿನದು, ಎಂಜಿನ್ನಿನ ಮುಖಕ್ಕೆ ಗೋಂದು ಹಾಕಿದ ಹಾಗೆ ಅಂಟಿ ಕುಳಿತಿತ್ತು. ಐಡಲ್‌ನ ಒತ್ತಡವನ್ನು ಎರಡು ರಿಂಗ್ ಹೇಗೋ ತಡೆಯುತ್ತವೆ. ಪಂಪ್ ಜೋರಾಗಿ ದೂಡಿದಾಗ ಒಂದು ಜಾರಿ ಹೊರಬೀಳುತ್ತದೆ. ಅದೇ ಇಲ್ಲಿ ಆದದ್ದು.

ಯಜಮಾನರು ತೆಗೆದ ಸಾಮಾನುಗಳನ್ನೆಲ್ಲ ಪತ್ರಿಕೆಯ ಹಾಳೆಯ ಮೇಲೆ ತೆಗೆದ ಕ್ರಮದಲ್ಲೇ ಜೋಡಿಸಿಟ್ಟಿದ್ದರು. ಹಳೆಯ ಫಿಲ್ಟರಿನಲ್ಲಿ ರಿಂಗ್ ಕೂರುವ ತೋಡು ಖಾಲಿ. ನಾನು ಬಂದಾಗಲೇ ಆ ಹಾಳೆಯ ಕಡೆ ನೋಡಿದ್ದರೆ ಸ್ಟಾರ್ಟ್ ಮಾಡಿಸುವ ಮಾತೇ ಇರಲಿಲ್ಲ. ರಿಂಗ್ ತೆಗೆಯಬೇಕೆಂದು ಅವರಿಗೆ ಗೊತ್ತಿರಲಿಲ್ಲ ಎನ್ನಿ. ಆದರೆ ಅದು ಅಂಟಿಕೊಂಡದ್ದೇಕೆ? ಫಿಲ್ಟರ್ ಹಾಕುವಾಗ ರಿಂಗಿಗೆ ಒಂದು ಬೆರಳು ಹೊಸ ಆಯಿಲ್ ಸವರಬೇಕು. ಕೈಯಲ್ಲಿ ತಿರುಗಿಸಿ, ರಿಂಗ್ ಮುಖಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಮುಗಿಯಿತು. ರಿಂಗ್ ಒಣಗಿದ್ದಂತೆಯೇ ಫಿಲ್ಟರಿಗೆ ಕಪ್ ಸಿಕ್ಕಿಸಿ, ಬೋಲ್ಟ್ ಬಿಗಿಯುವ ಗನ್ನಿನಲ್ಲಿ ಬಿಗಿದರೆ ಹೀಗೆಯೇ ಅಂಟುತ್ತದೆ. ಗನ್ ಇರುವುದು ನಮ್ಮ ವರ್ಕ್‌ಶಾಪಿನಲ್ಲಿ. ಆ ಫಿಲ್ಟರ್ ಹಾಕಿದ್ದೂ ನಾವೇ. ಅವರು ಹಾಕಿದ ಹೊಸ ರಿಂಗಿನ ಮೇಲೆ ಆಯಿಲಿನ ಮಿರುಗು ಇನ್ನೂ ಇತ್ತು.

ನನ್ನ ಚೀಲದಲ್ಲಿ ಹೆಲಿಕಾಯಿಲ್ ಇತ್ತು, ಫಿಲ್ಟರ್ ಇರಲಿಲ್ಲ. ಅವರ ಕಪಾಟಿನಲ್ಲಿ ಇನ್ನೊಂದು ಫಿಲ್ಟರ್ ಇತ್ತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ ಮೇಲೆ ಏನು ತಂದರೂ ಎರಡು ತರುತ್ತಾರಂತೆ. ಅದನ್ನು ಹಾಕಿ, ಕಡಿಮೆಯಾದ ಆಯಿಲ್ ತುಂಬಿ, ಸ್ಟಾರ್ಟ್ ಮಾಡಿ ನಿಲ್ಲಿಸಿ, ಆಯಿಲ್ ಇಳಿಯಲು ಬಿಟ್ಟು ಎಂಜಿನ್ನಿನ ಬದಿಯ ಗಾಜಿನಲ್ಲಿ ಮಟ್ಟ ನೋಡಿದೆವು. ನಾನು ಸೈಡ್ ಸ್ಟ್ಯಾಂಡಿಗೆ ಹಾಕಿದರೆ ಎಂಬ ಅನುಮಾನದಿಂದಲೋ ಏನೋ, ‘ಬೈಕ್ ನೇರವಾಗಿಯೇ ನಿಂತಿರಲಿ’ ಎಂದು ಅವರೇ ಎಚ್ಚರಿಸಿದರು. ಹಳೆಯ ಆಯಿಲನ್ನು ಗೆದ್ದಲು ಹತ್ತದಂತೆ ಬೇಲಿ ಗೂಟಗಳಿಗೆ ಬಳಿಯುತ್ತೇನೆ ಎಂದರು. ಕೊಡಗಿನ ತೋಟಗಳಲ್ಲಿ ಅದು ಹಳೆಯ ರೂಢಿ, ಆದರೆ ಈ ಮಳೆಗೆ ಗೂಟದಿಂದ ತೊಳೆದದ್ದು ಕೊನೆಗೆ ಸೇರುವುದು ಹೊಳೆಗೇ. ಕ್ಯಾನ್ ಕೇಳಿ ತೆಗೆದುಕೊಂಡೆ. ವರ್ಕ್‌ಶಾಪಿನ ಡ್ರಮ್ಮಿನಿಂದ ಅದು ಪರವಾನಗಿ ಇರುವ ಮರುಶುದ್ಧೀಕರಣದವರಿಗೆ ಹೋಗುತ್ತದೆ. ಆ ದಿನ ನಾನು ಹೇಳಿದ ಮಾತುಗಳಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ ಇರಬೇಕು.

ಸೋಮವಾರ ಮ್ಯಾನೇಜರ್‌ಗೆ ವರದಿ ಕೊಟ್ಟೆ. ‘ಗ್ರಾಹಕರೇ ಬಿಚ್ಚಿದ್ದಲ್ಲವೇ, ಗ್ರಾಹಕರ ಲೋಪ ಎಂದು ಹಾಕಿ ವಿಸಿಟ್ ಚಾರ್ಜ್ ಬಿಲ್ ಮಾಡಿ’ ಎಂದರು. ಆಗುವುದಿಲ್ಲ ಎಂದೆ. ಟ್ಯಾಬ್ಲೆಟ್ಟಿನ ಜಾಬ್ ಕಾರ್ಡಿನಲ್ಲಿ ಕಾರಣದ ಪಟ್ಟಿ ಬಿಚ್ಚಿದರೆ ‘ಗ್ರಾಹಕರ ಲೋಪ’ ಇದೆ, ‘ಬಿಡಿಭಾಗದ ದೋಷ’ ಇದೆ, ‘ರಸ್ತೆಯ ಸ್ಥಿತಿ’ಯೂ ಇದೆ. ನಮ್ಮ ಲೋಪಕ್ಕೆ ಜಾಗವಿಲ್ಲ. ‘ಇತರೆ’ ಒತ್ತಿ ವಿವರ ಬರೆದೆ, ಅರ್ಧ ವಾಕ್ಯಕ್ಕೇ ಅಕ್ಷರದ ಮಿತಿ ಮುಗಿಯಿತು. ವಿಸಿಟ್ ಚಾರ್ಜ್ ಹಾಕಲಿಲ್ಲ. ಅದರ ಬಗ್ಗೆ ಮ್ಯಾನೇಜರ್ ಇನ್ನೂ ಮುಖ ಗಂಟು ಹಾಕಿಕೊಂಡಿದ್ದಾರೆ.

ಹುಡುಗರನ್ನು ಬೈಯಲು ಮನಸ್ಸು ಬರಲಿಲ್ಲ. ವಾರಾಂತ್ಯದಲ್ಲಿ ಮಾಂದಲಪಟ್ಟಿ, ತಲಕಾವೇರಿ ಎಂದು ಬಂದವರ ಬೈಕುಗಳು ಬಾಗಿಲಲ್ಲಿ ಸಾಲು ನಿಂತಿರುತ್ತವೆ. ಸಂಜೆಯೊಳಗೆ ಡೆಲಿವರಿ ಆಗಬೇಕೆಂದು ಮೇಲಿನಿಂದ ಗಂಟೆಗೊಮ್ಮೆ ಫೋನ್. ಆಗ ಗನ್ ಬಿಟ್ಟು ಕೈಯಲ್ಲಿ ತಿರುಗಿಸು ಎಂದರೆ ಯಾರು ಕೇಳುತ್ತಾರೆ? ತೋಟದ ಯಜಮಾನರಿಗೆ ಇಡೀ ಮಧ್ಯಾಹ್ನವಿತ್ತು, ನಮ್ಮ ಹುಡುಗನಿಗೆ ಜಾಬ್ ಕಾರ್ಡಿನಲ್ಲಿ ಬರೆದಷ್ಟು ನಿಮಿಷ.

ಈಗ ಒಂದು ಪದ್ಧತಿ ಮಾಡಿದ್ದೇನೆ. ಹಳೆಯ ಫಿಲ್ಟರ್, ಅದರ ರಿಂಗ್, ಹಳೆಯ ವಾಷರ್ ಮೂರೂ ಟ್ರೇಯಲ್ಲಿ ಕಂಡ ಮೇಲೆಯೇ ಹೊಸದನ್ನು ಹಾಕಬೇಕು, ಎಂಜಿನ್ ಸ್ಟಾರ್ಟ್ ಮಾಡಿ ಎಲ್ಲೂ ಸೋರುತ್ತಿಲ್ಲ ಎಂದು ಖಚಿತವಾಗುವವರೆಗೆ ಟ್ರೇ ಖಾಲಿ ಮಾಡಬಾರದು. ಬೈಕ್ ನಿಲ್ಲಿಸಿ ಕೆಲಸ ಮಾಡುವ ಜಾಗಕ್ಕೊಂದರಂತೆ ಸ್ಟೀಲ್ ಟ್ರೇ ಬೇಕೆಂದು ಕೇಳಿದೆ. ಮೂರು ಕಡೆಯಿಂದ ಕೊಟೇಶನ್ ತರಿಸಿ ಎಂದು ಉತ್ತರ ಬಂತು. ಸದ್ಯಕ್ಕೆ ಸಂತೆಯಿಂದ ತಂದ ಟೊಮೆಟೊ ಕ್ರೇಟುಗಳನ್ನು ಅಡ್ಡ ಕತ್ತರಿಸಿ, ತಳಕ್ಕೆ ರಟ್ಟು ಹಾಕಿ ಬಳಸುತ್ತಿದ್ದೇವೆ.